ಜುಸೆಪ್ಪೆ ರೊಕ್ಕಾ ಮಾದರಿಯ ಪಿಟೀಲು: ಅಚ್ಚು, ದಪ್ಪ, ವಾರ್ನಿಷ್

ನಾಲ್ಕುತಂತಿ

ಟ್ಯೂರಿನ್‌ನ ಪಿಟೀಲು ತಯಾರಕ ಜುಸೆಪ್ಪೆ ರೊಕ್ಕಾ (1807–1865) ಮಾದರಿಯಲ್ಲಿ ಪಿಟೀಲು ಮಾಡಲು ಹೊರಟರೆ ಎದುರಾಗುವ ಮೂರು ಪ್ರಶ್ನೆಗಳು. ಒಂದು: ಆತ ಇಟಲಿಯ ಕ್ರೆಮೋನಾದ ಸ್ಟ್ರಾಡಿವರಿ ಮಾಡಿದ ‘ಮೆಸ್ಸಾಯ’ ಎಂಬ ಪಿಟೀಲನ್ನೇ ನಕಲು ಮಾಡಿದ್ದಾದರೆ ನಾವು ನೇರವಾಗಿ ಮೆಸ್ಸಾಯದ ನಕ್ಷೆ ಹಿಡಿಯಬಹುದಲ್ಲ, ನಡುವೆ ರೊಕ್ಕಾ ಯಾಕೆ? ಎರಡು: ಒಳಅಚ್ಚೋ, ಹೊರಅಚ್ಚೋ? ಮೂರು: ಆ ಕಿತ್ತಳೆಗೆಂಪು ವಾರ್ನಿಷ್ ನಮ್ಮ ಸೆಖೆಗೆ ನಿಲ್ಲುವ ಹಾಗೆ ಮಾಡುವುದು ಹೇಗೆ? ಕಛೇರಿಯಲ್ಲಿ ನುಡಿಯುವ ವಾದ್ಯ ಆಗಬೇಕು. ಗಾಜಿನ ಪೆಟ್ಟಿಗೆಯಲ್ಲಿಡಲು ಅಲ್ಲ.

ಟೊರಿನೊ

ಮೊದಲನೆಯದಕ್ಕೆ ಉತ್ತರ ಆತನ ಊರಿನಲ್ಲಿದೆ. ರೊಕ್ಕಾ ಹುಟ್ಟಿದ್ದು ಪೀಡ್ಮಾಂಟ್ ಸೀಮೆಯ ಬಾರ್ಬರೆಸ್ಕೊದಲ್ಲಿ. ಬ್ರೆಡ್ ಸುಡುವ ಕಸುಬಿನಿಂದ ಬಂದವನು. 1830ರ ದಶಕದ ನಡುವೆ ಟ್ಯೂರಿನ್‌ಗೆ ಬಂದು ಜೊವಾನ್ನಿ ಫ್ರಾಂಚೆಸ್ಕೊ ಪ್ರೆಸ್ಸೆಂಡಾನ (1777–1854) ಕೈಕೆಳಗೆ ಸೇರಿದ. ಪ್ರೆಸ್ಸೆಂಡಾ ಕ್ರೆಮೋನಾದಲ್ಲಿ ಸ್ಟೊರಿಯೋನಿಯ ಶಿಷ್ಯನಾಗಿದ್ದ ಅಂತ ಹಳೆಯ ಪುಸ್ತಕಗಳು ಬರೆದವು. ಈಗ ಅದನ್ನು ನಂಬುವವರು ಕಡಿಮೆ, ಏಕೆಂದರೆ ಆತನ ಕೆಲಸದಲ್ಲಿ ಕಾಣುವುದು ಫ್ರಾನ್ಸಿನ ಶಿಸ್ತು. ಅದು ಬಂದ ದಾರಿಯೂ ಗೊತ್ತು. ಫ್ರಾನ್ಸಿನ ಪಿಟೀಲು ತಯಾರಿಕೆಯ ಊರಾದ ಮಿರ್ಕೂರ್‌ನ ಲೆಟೆ-ಪಿಲ್‌ಮಾಂ ಟ್ಯೂರಿನ್‌ನಲ್ಲಿ ವಾದ್ಯಗಳ ವ್ಯವಹಾರ ನಡೆಸುತ್ತಿದ್ದ, ಪ್ರೆಸ್ಸೆಂಡಾ ಸ್ವಂತ ಅಂಗಡಿ ಹಾಕುವ ಮುನ್ನ ದುಡಿದದ್ದು ಅವನಲ್ಲಿ.

1830ರ ದಶಕದ ಕೊನೆಗೆ ರೊಕ್ಕಾ ಬೇರೆಯಾದ. ಆಮೇಲೆ ಆತನ ಕೈಗೆ ದೊಡ್ಡ ಮಾದರಿಗಳು ಸಿಕ್ಕಿದ್ದು ಲುಯಿಜಿ ತಾರಿಸಿಯೊ ಎಂಬ ವ್ಯಾಪಾರಿಯ ಮೂಲಕ. ತಾರಿಸಿಯೊ 1827ರಲ್ಲಿ ಕೌಂಟ್ ಕೋಜಿಯೊನ ಸಂಗ್ರಹದಿಂದ 1716ರ ಸ್ಟ್ರಾಡಿವರಿಯನ್ನು ಕೊಂಡಿದ್ದ. ಅದೇ ಮೆಸ್ಸಾಯ. 1854ರಲ್ಲಿ ತಾನು ಸಾಯುವವರೆಗೂ ಅದನ್ನು ಯಾರಿಗೂ ಮಾರಲಿಲ್ಲ. 1840ರ ದಶಕದಿಂದ ರೊಕ್ಕಾನ ಪಿಟೀಲುಗಳು ಎರಡು ದಾರಿ ಹಿಡಿಯುತ್ತವೆ: ಒಂದು ಮೆಸ್ಸಾಯದ ಅಚ್ಚು, ಇನ್ನೊಂದು ‘ಅಲಾರ್’ ಎಂದು ಹೆಸರಾದ 1742ರ ಪಿಟೀಲಿನ ಅಚ್ಚು, ಮಾಡಿದವನು ಕ್ರೆಮೋನಾದ ಗ್ವಾರ್ನೇರಿ ದೆಲ್ ಜೆಸು.

ಕೊನೆಯ ವರ್ಷಗಳು ಜಿನೋವಾದಲ್ಲಿ. ಕಷ್ಟದ ಕಾಲ. 1865ರಲ್ಲಿ ಅಲ್ಲೇ ಬಾವಿಗೆ ಬಿದ್ದು ಸತ್ತ. ಮಗ ಎನ್ರಿಕೊ (1847–1915) ಜಿನೋವಾದಲ್ಲೇ ಕಸುಬು ಮುಂದುವರಿಸಿದ.

ಹಾಗಾಗಿ ‘ರೊಕ್ಕಾ ಯಾಕೆ’ ಅಂದರೆ: ಹೊರರೇಖೆ ಕ್ರೆಮೋನಾದ್ದು, ಕೈ ಟ್ಯೂರಿನ್‌ನದು. ಅಂಚು ದಪ್ಪ, ಎಫ್ ರಂಧ್ರದ (ಮೇಲು ಹಲಗೆಯ f ಆಕಾರದ ತೂತು) ಕೊರೆತ ದಿಟ್ಟ, ತಲೆಯ ಸುರುಳಿ ಭಾರ. ಬರಿಯ ಮೆಸ್ಸಾಯ ನಕ್ಷೆ ಹಿಡಿದರೆ ಆ ಗಡಸು ಬರುವುದಿಲ್ಲ.

ಕಮಾನು77

ಟೊರಿನೊ ಸರ್, ಮೆಸ್ಸಾಯವೇ ಸ್ಟ್ರಾಡಿವರಿಯದಲ್ಲ, ಪ್ಯಾರಿಸ್‌ನ ಪಿಟೀಲು ತಯಾರಕ ವೀಯೋಮ್ ಮಾಡಿದ್ದು ಅಂತ ಒಂದು ವಾದ ಇತ್ತಲ್ಲ? ಹಾಗಿದ್ದರೆ ರೊಕ್ಕಾ ಯಾವುದರ ನಕಲು ಮಾಡಿದ?

ಟೊರಿನೊ

ಆ ವಾದಕ್ಕೆ ಈಗ ಕಾಲಿಲ್ಲ. ಮೇಲು ಹಲಗೆಯ ಸ್ಪ್ರೂಸ್ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿದವರಿಗೆ ಕೊನೆಯ ಉಂಗುರ 1680ರ ದಶಕಕ್ಕೆ ಬಂತು, ಅದು 1716ಕ್ಕೆ ಹೊಂದುತ್ತದೆ. ಇನ್ನೊಂದು ಸಾಕ್ಷಿ ರೊಕ್ಕಾನೇ. ವೀಯೋಮ್ ಕೈಗೆ ಅದು ಬಂದದ್ದು ತಾರಿಸಿಯೊ ಸತ್ತ ಮೇಲೆ, 1855ರಲ್ಲಿ. ಅದೇ ರೇಖೆ, ಅದೇ ಎಫ್ ರಂಧ್ರದ ನಿಲುವು ಅದಕ್ಕೂ ಹತ್ತು ವರ್ಷ ಮುಂಚಿನ ಟ್ಯೂರಿನ್ ಪಿಟೀಲುಗಳಲ್ಲಿ ಕಾಣುತ್ತದೆ. ಈಗ ಅದು ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ, ಅಲಾರ್ ಪ್ಯಾರಿಸ್‌ನ ಸಂಗೀತ ಸಂಗ್ರಹಾಲಯದಲ್ಲಿದೆ.

ಮರದಂಟು

ಎರಡನೆಯ ಪ್ರಶ್ನೆಗೆ ಬರ್ತೀನಿ. ಇಲ್ಲಿ ಕೆಲಸ ಕೆಡುವುದೇ ಹೆಚ್ಚು, ಹಾಗಾಗಿ ಉದ್ದ ಆಗುತ್ತೆ.

ಕ್ರೆಮೋನಾದವರದು ಒಳಅಚ್ಚು: ಮರದ ಅಚ್ಚಿನ ಸುತ್ತ ಪಕ್ಕದ ಪಟ್ಟಿಗಳನ್ನು ಬಾಗಿಸಿ ಸುತ್ತುವುದು. ಮಿರ್ಕೂರ್‌ನವರದು ಹೊರಅಚ್ಚು: ದಪ್ಪ ಹಲಗೆಯಲ್ಲಿ ಪಿಟೀಲಿನ ಆಕಾರ ಕೊರೆದು, ಆ ಬಾವಿಯ ಗೋಡೆಗೆ ಪಟ್ಟಿಗಳನ್ನು ಒಳಗಿನಿಂದ ಒತ್ತುವುದು. ಹೊರಅಚ್ಚಿನಲ್ಲಿ ಎಡ ಬಲ ಕರಾರುವಾಕ್ಕಾಗಿ ಒಂದೇ ಥರ ಬರುತ್ತೆ, ಹತ್ತು ಪಿಟೀಲು ಮಾಡಿದರೆ ಹತ್ತೂ ಒಂದೇ. ಒಳಅಚ್ಚಿನಲ್ಲಿ ಮೂಲೆಗಳು ಸ್ವಲ್ಪ ಸ್ವಲ್ಪ ಬೇರೆಯಾಗುತ್ತವೆ.

ಒಂದೇ ಪಿಟೀಲು ಮಾಡುವವರು ಒಳಅಚ್ಚನ್ನೇ ಹಿಡಿಯಿರಿ. ಹೊರಅಚ್ಚು ಕೊರೆಯುವ ಶ್ರಮದಲ್ಲಿ ಅರ್ಧ ಪಿಟೀಲು ಮುಗಿಯುತ್ತೆ.

ಅಚ್ಚಿನ ಅಳತೆ: ದೇಹದ ಉದ್ದ 356 ಮಿಮೀ. ಹೊರರೇಖೆಯಿಂದ ಸುತ್ತಲೂ 3.5 ಮಿಮೀ ಒಳಗೆ ಅಚ್ಚಿನ ಗೆರೆ. ಅದರಲ್ಲಿ 2.5 ಹಲಗೆ ಹೊರಚಾಚುವ ಅಂಚು, 1 ಪಟ್ಟಿಯ ದಪ್ಪ. ಅಚ್ಚಿನ ದಪ್ಪ 14 ಮಿಮೀ ಆಸುಪಾಸು ಸಾಕು. ಪಟ್ಟಿಗಳನ್ನು ಹಿಡಿಯುವ ಆರು ಗಟ್ಟಿಗಳು (ಮರದ ತುಂಡುಗಳು; ಮೇಲೆ, ಕೆಳಗೆ, ನಾಲ್ಕು ಮೂಲೆ) ವಿಲ್ಲೊ ಮರದ್ದಾದರೆ ಒಳ್ಳೆಯದು, ಸಿಗದಿದ್ದರೆ ಸ್ಪ್ರೂಸ್. ಗಟ್ಟಿಗಳನ್ನು ಅಚ್ಚಿಗೆ ಎರಡೇ ಹನಿ ಸರೇಸಿನಿಂದ (ಪ್ರಾಣಿಜನ್ಯ ಅಂಟು) ಕೂರಿಸಿ. ಅಚ್ಚಿನ ಉಳಿದ ಅಂಚಿಗೆಲ್ಲ ಒಣ ಸೋಪು ಅಥವಾ ಮೇಣ ಉಜ್ಜಿ. ಇದನ್ನು ಮರೆತರೆ ಪಟ್ಟಿ ಅಚ್ಚಿಗೇ ಅಂಟಿ, ಬಿಡಿಸುವಾಗ ಸೀಳುತ್ತೆ.

ಪಟ್ಟಿ ಮೇಪಲ್, ದಪ್ಪ 1 ಮಿಮೀ. ರೊಕ್ಕಾ ಥರ ಗಾಢ ಅಲೆಯ ಮೇಪಲ್ ಆರಿಸಿದರೆ ನಡುಸೊಂಟದ ಪಟ್ಟಿಯನ್ನು 0.9ಕ್ಕೆ ಇಳಿಸಿ, ಇಲ್ಲದಿದ್ದರೆ ಅಲೆಯ ನೆತ್ತಿಯಲ್ಲೇ ಮುರಿಯುತ್ತೆ. ಬಾಗಿಸುವ ಕಬ್ಬಿಣದ ಮೇಲೆ ನೀರು ಚಿಮುಕಿಸಿದರೆ ಹನಿ ಕುಣಿದು ಓಡಬೇಕು, ಅಷ್ಟು ಬಿಸಿ. ಪಟ್ಟಿಯ ಹಿಂದೆ ತೆಳು ತಗಡು ಹಿಡಿದೇ ಬಾಗಿಸಿ. ಪಟ್ಟಿಯನ್ನು ಗಂಟೆಗಟ್ಟಲೆ ನೆನೆಸಬೇಡಿ, ಒದ್ದೆ ಬಟ್ಟೆ ಒರೆಸಿದರೆ ಸಾಕು. ನೆನೆದ ಪಟ್ಟಿ ಬಾಗುವಾಗ ಅಲೆಅಲೆಯಾಗಿ ಉಬ್ಬುತ್ತೆ, ಆಮೇಲೆ ಕೆರೆದು ಸಮ ಮಾಡಲು ಹೋದರೆ ಕೆಲವು ಕಡೆ 0.6 ಉಳಿದಿರುತ್ತೆ.

ಮೊದಲು ನಡುಸೊಂಟದ ಎರಡು ಪಟ್ಟಿ. ಅವುಗಳ ತುದಿಯನ್ನು ಮೂಲೆಗಟ್ಟಿಯ ಜೊತೆ ಸೇರಿಸಿ ಓರೆಯಾಗಿ ತೆಳ್ಳಗೆ ಕೆತ್ತಿ, ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಅದರ ಮೇಲೆ ಬಂದು ಕೂರಬೇಕು. ಎತ್ತರ ಕುತ್ತಿಗೆಯ ಕಡೆ 30, ಕೆಳಗೆ 31.5 ಮಿಮೀ. ಒಳ ಅಂಚುಪಟ್ಟಿ 2 ಮಿಮೀ ದಪ್ಪ, 7 ಎತ್ತರ. ನಡುಸೊಂಟದಲ್ಲಿ ಅದರ ತುದಿಯನ್ನು ಮೂಲೆಗಟ್ಟಿಯೊಳಗೆ ತೂರಿಸಿದರೆ ಅದು ಕ್ರೆಮೋನಾ ಪದ್ಧತಿ.

ನಾಲ್ಕುತಂತಿ

ಸರೇಸೇ ಆಗಬೇಕಾ? ಬಿಳಿ ಅಂಟು ಹಾಕಿದರೆ ಮಳೆಗಾಲದಲ್ಲಿ ಬಿಡುವುದಿಲ್ಲ ಅಂತಾರೆ.

ಮರದಂಟು

ಬಿಡುವುದಿಲ್ಲ, ಅದೇ ತೊಂದರೆ. ಹಲಗೆ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತೆ. ಸರೇಸು ಹಾಕಿದ್ದರೆ ಅಂಚಿನಲ್ಲಿ ಕೂಡು ಬಿಟ್ಟುಕೊಳ್ಳುತ್ತೆ, ತೆಳು ಚಾಕು ಆಡಿಸಿ, ಬಿಸಿ ಸರೇಸು ಬಿಟ್ಟು, ಬಿಗಿದರೆ ಮುಗೀತು. ಬಿಳಿ ಅಂಟು ಹಾಕಿದ್ದರೆ ಕೂಡು ಹಿಡಿದೇ ಇರುತ್ತೆ, ಹಲಗೆಯೇ ಸೀಳುತ್ತೆ. ಮೇಲು ಹಲಗೆಗೆ ಸರೇಸನ್ನು ಇನ್ನೂ ತೆಳ್ಳಗೆ ಮಾಡಿಕೊಳ್ಳಿ, ರಿಪೇರಿಗೆ ತೆಗೆಯಲು ಸುಲಭ ಆಗಲಿ ಅಂತ. ಕುತ್ತಿಗೆಗೆ ಮಾತ್ರ ಗಟ್ಟಿ ಸರೇಸು. 60 ಡಿಗ್ರಿ ದಾಟಿ ಕಾಯಿಸಬೇಡಿ. ಕುದಿಸಿದ ಸರೇಸಿಗೆ ಶಕ್ತಿ ಇರಲ್ಲ.

ಸುರುಳಿತಲೆ

ಹಲಗೆಗಳ ಬಗ್ಗೆ. ಉಬ್ಬು: ಮೇಲು ಹಲಗೆ 15.5 ರಿಂದ 16 ಮಿಮೀ, ತಳ ಹಲಗೆ 14.5 ರಿಂದ 15. ಅಂಚು 4 ಮಿಮೀ, ಮೂಲೆಯಲ್ಲಿ ಕೂದಲೆಳೆಯಷ್ಟು ಹೆಚ್ಚು. ರೊಕ್ಕಾ ಅಂಚಿನ ಬಲ ಬೇಕಾದರೆ ಇಲ್ಲಿ ಜಿಪುಣತನ ಬೇಡ. ಅಂಚಿನ ಮೂರು ಎಳೆಯ ಕರಿಗೆರೆ ಅಂಚಿನಿಂದ 4 ಮಿಮೀ ಒಳಗೆ, ಕಾಲುವೆಯ ಆಳ 2. ಅದಕ್ಕಿಂತ ಆಳ ಹೋದರೆ ಆ ಗೆರೆಯುದ್ದಕ್ಕೂ ಹಲಗೆ ಒಳಗಿನಿಂದ ಬಳುಕಿ, ಕೊನೆಗೆ ಬಿರುಕು ಬಿಡುತ್ತದೆ.

ದಪ್ಪದಲ್ಲಿ ಎಲ್ಲರೂ ಒಂದೇ ಸಂಖ್ಯೆ ಕೇಳುತ್ತಾರೆ, ಅದು ಮರವನ್ನು ಕೇಳಿ ಹೇಳಬೇಕಾದ ಸಂಖ್ಯೆ. ಹಗುರ ಸ್ಪ್ರೂಸ್ (ಸಾಂದ್ರತೆ 0.36ರ ಸುತ್ತ) ಆದರೆ ಮೇಲು ಹಲಗೆ ಎಲ್ಲೆಡೆ 3 ಮಿಮೀ ಬಿಡಿ. 0.42 ಇದ್ದರೆ 2.6ಕ್ಕೆ ಇಳಿಸಬಹುದು. ಎಫ್ ರಂಧ್ರಗಳ ನಡುವೆ ಮಾತ್ರ ಕಡಿಮೆ ಮಾಡಬೇಡಿ, ಕುದುರೆಯ (ತಂತಿ ಹೊರುವ ಮರದ ತುಂಡು) ಒತ್ತಡ ಬೀಳುವ ಜಾಗ ಅದು. ತಳ ಹಲಗೆ ನಡುವೆ 4.5, ಅಂಚಿನ ಕಡೆ ಇಳಿಯುತ್ತ 2.5. ಮುಗಿದಾಗ ಮೇಲು ಹಲಗೆ ಬಾಸ್ ಬಾರ್ (ಒಳಮೈಗೆ ಉದ್ದಕ್ಕೆ ಅಂಟಿಸುವ ಮರದ ಪಟ್ಟಿ) ಸಮೇತ 65–72 ಗ್ರಾಂ, ತಳ ಹಲಗೆ 100–110 ಗ್ರಾಂ ಸುಮಾರಿಗೆ ತೂಗುತ್ತದೆ. 90ಕ್ಕೆ ಇಳಿದ ತಳ ಹಲಗೆ ಮೊದಲ ವಾರ ಗುಂಯ್ ಎಂದು ಮೆರೆಯುತ್ತದೆ, ಆಮೇಲೆ ನಾಲ್ಕನೇ ತಂತಿಯಲ್ಲಿ ಟೊಳ್ಳು ದನಿ ಬಿಟ್ಟುಕೊಡುತ್ತದೆ.

ಎಫ್ ರಂಧ್ರ: ಮೇಲು ಅಂಚಿನಿಂದ ರಂಧ್ರದ ನಡುವಿನ ಒಳಕಚ್ಚಿನವರೆಗೆ 195 ಮಿಮೀ. ಮೇಲಿನ ಎರಡು ಕಣ್ಣುಗಳ ನಡುವೆ 42. ಮೆಸ್ಸಾಯ ಅಚ್ಚಾದರೆ ರಂಧ್ರ ಸ್ವಲ್ಪ ಓರೆ, ನಯ. ಅಲಾರ್ ಅಚ್ಚಾದರೆ ಉದ್ದ, ರೆಕ್ಕೆ ಚೂಪು. ಎರಡನ್ನೂ ಬೆರೆಸಬೇಡಿ, ಅದು ತಪ್ಪೆಂದು ದೂರದಿಂದಲೇ ಕಾಣುತ್ತದೆ. ಗ್ವಾರ್ನೇರಿ ಅಚ್ಚಿನಲ್ಲಿ ದೇಹವೂ ತುಸು ಗಿಡ್ಡ, 350–354.

ಬಾಸ್ ಬಾರ್: ದೇಹದ ಉದ್ದದ ಒಂಬತ್ತರಲ್ಲಿ ಏಳು ಪಾಲು, ಅಂದರೆ 356ಕ್ಕೆ ಸುಮಾರು 277. ದಪ್ಪ 5.5, ಕುದುರೆಯ ಕೆಳಗೆ ಎತ್ತರ 11–12. ಅದರ ಹೊರಮೈ ಕುದುರೆಯ ಕಾಲಿನ ಹೊರ ಅಂಚಿನಿಂದ 1 ಮಿಮೀ ಒಳಗೆ. ಬಲವಂತವಾಗಿ ಬಗ್ಗಿಸಿ ಅಂಟಿಸುವ ಹಳೆಯ ಚಾಳಿ ಬೇಡ, ಸೀಮೆಸುಣ್ಣ ಹಚ್ಚಿ ಇಂಚಿಂಚೂ ಕೂರುವ ಹಾಗೆ ಕೆತ್ತಿ.

ಕಮಾನು77

ನಡುವೆ ಒಂದು ಬೇರೆ ಪ್ರಶ್ನೆ. ಹಳೆಯ ಪಿಟೀಲುಗಳ ಒಳಗೆ ‘ಜೋಸೆಫ್ ರೊಕ್ಕಾ ಫೆಚಿತ್ ಟೌರಿನಿ’ (ಟ್ಯೂರಿನ್‌ನಲ್ಲಿ ಜೋಸೆಫ್ ರೊಕ್ಕಾ ಮಾಡಿದ್ದು) ಎಂಬ ಚೀಟಿ ಆಗಾಗ ಕಾಣುತ್ತೆ. ಅದರಲ್ಲಿ ಎಷ್ಟನ್ನು ನಂಬಬೇಕು?

ಟೊರಿನೊ

ಚೀಟಿಯನ್ನು ನಂಬಲೇಬೇಡಿ. ಮರ, ಅಂಚು, ಸುರುಳಿ ನೋಡಿದ ಮೇಲೆ ಕೊನೆಗೆ ಚೀಟಿ. ಟ್ಯೂರಿನ್‌ನಲ್ಲೇ ಆನಿಬಾಲೆ ಫಾನ್ಯೊಲಾ (1866–1939) ಪ್ರೆಸ್ಸೆಂಡಾ, ರೊಕ್ಕಾ ಇಬ್ಬರ ಮಾದರಿಯನ್ನೂ ಬಹಳ ಚೆನ್ನಾಗಿ ಮಾಡಿದ. ಅವೂ ಇಂದು ಬೆಲೆಬಾಳುವ ವಾದ್ಯಗಳೇ, ಆದರೆ ರೊಕ್ಕಾ ಅಲ್ಲ. ಅದರ ಕೆಳಗಿನ ಮೆಟ್ಟಿಲಲ್ಲಿ ಜರ್ಮನಿಯ, ಫ್ರಾನ್ಸಿನ ಕಾರ್ಖಾನೆ ಪಿಟೀಲುಗಳು. ಅವಕ್ಕೆ ಯಾರ ಹೆಸರಿನ ಚೀಟಿ ಬೇಕಾದರೂ ಅಂಟಿಸುತ್ತಿದ್ದರು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೇಶದ ಹೆಸರು ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ 1890ರ ಅಮೆರಿಕದ ಸುಂಕದ ಕಾಯ್ದೆಯ ನಂತರದ ರಫ್ತು ಮಾಲು. ರೊಕ್ಕಾ ಸತ್ತು ಆಗಲೇ 25 ವರ್ಷ.

ಒಳಗೆ ಕನ್ನಡಿ ತೂರಿಸಿ ನೋಡಬೇಕಾದ್ದು: ಮೂಲೆಗಟ್ಟಿ ನಿಜವಾಗಿ ಇದೆಯೋ, ಇಲ್ಲವೋ. ಅಗ್ಗದ ಪಿಟೀಲುಗಳಲ್ಲಿ ಗಟ್ಟಿ ಇರುವುದಿಲ್ಲ, ಇಲ್ಲವೇ ತೋರಿಕೆಗೆ ಒಂದು ಚಕ್ಕೆ ಅಡ್ಡ ಇಟ್ಟಿರುತ್ತಾರೆ. ಬಾಸ್ ಬಾರ್ ಬೇರೆಯಾಗಿ ಅಂಟಿಸದೆ ಮೇಲು ಹಲಗೆಯಲ್ಲೇ ಕೆತ್ತಿ ಬಿಟ್ಟಿದ್ದರೆ ಮುಂದಿನ ಪರೀಕ್ಷೆ ಬೇಕಾಗಿಲ್ಲ.

ಅಗಸೆಎಣ್ಣೆ

ವಾರ್ನಿಷ್. 2009ರಲ್ಲಿ ಪ್ಯಾರಿಸ್‌ನ ಸಂಶೋಧಕರು ಅಲ್ಲಿನ ಸಂಗ್ರಹಾಲಯದ ಐದು ಸ್ಟ್ರಾಡಿವರಿ ವಾದ್ಯಗಳ ಚೂರುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಸಾಮಾನ್ಯ ಸಾಮಗ್ರಿ: ಕೆಳಗೆ ಮರದೊಳಗೆ ಇಳಿದ ಒಣಗುವ ಎಣ್ಣೆ, ಮೇಲೆ ಎಣ್ಣೆ ಮತ್ತು ಪೈನ್ ಜಾತಿಯ ರಾಳದ ಪದರ, ಕೆಲವದರಲ್ಲಿ ಕೆಂಪು ಬಣ್ಣದ ಕಣ. ಗುಟ್ಟಿನ ಔಷಧಿ ಯಾವುದೂ ಇಲ್ಲ. ಟ್ಯೂರಿನ್‌ನ ಕೆಂಪು ಬೇಕಾದರೂ ದಾರಿ ಇದೇ.

ರಾಳ 100 ಗ್ರಾಂ, ಶುದ್ಧ ಮಾಡಿದ ಅಗಸೆ ಎಣ್ಣೆ 80 ರಿಂದ 100 ಗ್ರಾಂ. ಮೊದಲು ರಾಳವೊಂದನ್ನೇ 200 ಡಿಗ್ರಿ ಸುತ್ತ ಹಲವು ಗಂಟೆ ಕಾಯಿಸಿ, ಹಳದಿ ಹೋಗಿ ಕಂದುಗೆಂಪು ಬರುವವರೆಗೆ. ಸುಣ್ಣದ ಪುಡಿ 3 ಗ್ರಾಂ ಚಿಟಿಕೆ ಚಿಟಿಕೆಯಾಗಿ ಹಾಕಿದರೆ ರಾಳ ಗಡುಸಾಗುತ್ತೆ. ನಾಲ್ಕುತಂತಿ ಕೇಳಿದ ಸೆಖೆಯ ಪ್ರಶ್ನೆಗೆ ಅರ್ಧ ಉತ್ತರ ಈ ಸುಣ್ಣ. ಒಮ್ಮೆಲೆ ಹಾಕಿದರೆ ನೊರೆ ಉಕ್ಕಿ ಪಾತ್ರೆಯಿಂದಾಚೆ ಬರುತ್ತೆ. ಆಮೇಲೆ ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿದ ಎಣ್ಣೆಯನ್ನು ಎಳೆಯಾಗಿ ಸುರಿಯಿರಿ. ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ತಣಿದ ಮೇಲೆ ಬೆರಳಲ್ಲಿ ಮುಟ್ಟಿ ಎಳೆದರೆ ಬೆಲ್ಲದ ಪಾಕದ ಹಾಗೆ ಎಳೆ ಬರಬೇಕು. ಬಂತೆಂದರೆ ಇಳಿಸಿ. 150ಕ್ಕಿಂತ ಕೆಳಗೆ ಬಂದ ಮೇಲಷ್ಟೇ ಟರ್ಪೆಂಟೈನ್ ಬೆರೆಸಿ.

ಮನೆಯೊಳಗೆ ಮಾಡಲೇಬೇಡಿ. ಬೆಂಕಿ ಕಾಣದ ವಿದ್ಯುತ್ ಒಲೆ, ಪಾತ್ರೆಗೆ ಸರಿಯಾಗಿ ಮುಚ್ಚುವ ಮುಚ್ಚಳ, ಪಕ್ಕದಲ್ಲಿ ಮರಳಿನ ಬಕೆಟ್. ಹತ್ತಿಕೊಂಡರೆ ಮುಚ್ಚಳ ಹಾಕಿ, ನೀರು ಹಾಕಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನೇ ಹತ್ತಿಕೊಳ್ಳುತ್ತೆ. ನೀರಲ್ಲಿ ನೆನೆಸಿಡಿ.

ಕೆಂಪಿಗೆ ಮ್ಯಾಡರ್ ಬೇರು 100 ಗ್ರಾಂ, ಎರಡು ಲೀಟರ್ ನೀರು. 70 ಡಿಗ್ರಿ ದಾಟಿದರೆ ಕಂದು ಬಣ್ಣವೂ ಇಳಿದು ಕೆಂಪು ಮಂಕಾಗುತ್ತೆ. ಸೋಸಿ, ಪಟಿಕ 50 ಗ್ರಾಂ ಕರಗಿಸಿ, ಪೊಟ್ಯಾಸಿಯಂ ಕಾರ್ಬೊನೇಟ್ 22 ಗ್ರಾಂ ಬೇರೆ ನೀರಲ್ಲಿ ಕರಗಿಸಿ ನಿಧಾನಕ್ಕೆ ಸೇರಿಸಿ. ಕೆಂಪು ಗಸಿ ಕೆಳಗೆ ಕೂರುತ್ತೆ. ನಾಲ್ಕೈದು ಸಲ ತೊಳೆದು, ಒಣಗಿಸಿ, ವಾರ್ನಿಷ್ ಜೊತೆ ಗಾಜಿನ ಮೇಲೆ ನುಣ್ಣಗೆ ಅರೆಯಿರಿ.

ನಾಲ್ಕುತಂತಿ

ನಮ್ಮ ಗ್ರಂಥಿಗೆ ಅಂಗಡಿಯ ಮಂಜಿಷ್ಠ ನಡೆಯುತ್ತಾ?

ಅಗಸೆಎಣ್ಣೆ

ನಡೆಯುತ್ತೆ, ಬಣ್ಣ ಬೇರೆ. ಯುರೋಪಿನ ಮ್ಯಾಡರ್‌ನಲ್ಲಿ ಅಲಿಜರಿನ್ ಎಂಬ ಬಣ್ಣದಂಶ ಹೆಚ್ಚು. ಮಂಜಿಷ್ಠದಲ್ಲಿ ಪರ್ಪ್ಯುರಿನ್, ಮಂಜಿಸ್ಟಿನ್ ಮುಂದು. ಹಾಗಾಗಿ ಕಿತ್ತಳೆಯ ಕಡೆಗೆ ವಾಲುತ್ತೆ. ರೊಕ್ಕಾ ಬಣ್ಣಕ್ಕೆ ಇದು ಕೆಟ್ಟದ್ದೇನಲ್ಲ ಅಂತ ನನ್ನ ಅಭಿಪ್ರಾಯ. ಬಿಸಿಲಿಗೆ ಎಷ್ಟು ತಡೆಯುತ್ತೆ ಅನ್ನುವುದನ್ನು ಚೂರು ಮರಕ್ಕೆ ಬಳಿದು, ಅರ್ಧ ಮುಚ್ಚಿ, ಕಿಟಕಿಯಲ್ಲಿಟ್ಟು ನೋಡಿ.

ಬಣ್ಣಕ್ಕಿಂತ ಮುಂಚೆ ಮರದ ರಂಧ್ರ ಮುಚ್ಚಿರಬೇಕು. ಮುಚ್ಚದಿದ್ದರೆ ಉಬ್ಬಿನ ಇಳಿಜಾರಿನಲ್ಲಿ, ಎಲ್ಲಿ ಸ್ಪ್ರೂಸ್‌ನ ಅಡ್ಡಸೀಳು ಮೇಲೆ ಬಂದಿರುತ್ತೋ ಅಲ್ಲಿ, ಕೆಂಪು ಇಂಗಿ ಸುಟ್ಟ ಕಲೆಯ ಹಾಗೆ ಕಾಣುತ್ತೆ. ಅದನ್ನು ಆಮೇಲೆ ತೆಗೆಯಲು ಬರಲ್ಲ. ಪದರ ನಾಲ್ಕರಿಂದ ಆರು, ತೆಳ್ಳಗೆ. ಉಗುರು ಒತ್ತಿದರೆ ಗುರುತು ಬೀಳದಿದ್ದಾಗ ಮುಂದಿನ ಪದರ. ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತೆ, ಏಪ್ರಿಲ್‌ನಲ್ಲಿ ಪೆಟ್ಟಿಗೆಯ ಮಖಮಲ್ಲು ಅದಕ್ಕೆ ಅಂಟಿಕೊಳ್ಳುತ್ತೆ.

ಕಮಾನು77

ಕಛೇರಿ ವಾದ್ಯ ಅಂದ ಮೇಲೆ ಶ್ರುತಿಯ ಲೆಕ್ಕ ಹೇಳಲೇಬೇಕು. ಪಾಶ್ಚಾತ್ಯ ಶ್ರುತಿಯಲ್ಲಿ (ತೆಳು ತಂತಿಯಿಂದ ಇ-ಎ-ಡಿ-ಜಿ) ನಾಲ್ಕು ತಂತಿಯ ಒಟ್ಟು ಎಳೆತ ಸುಮಾರು 22–24 ಕೆಜಿ. ನಮ್ಮದು ದಪ್ಪ ತಂತಿಯಿಂದ ಸ-ಪ-ಸ-ಪ. ಷಡ್ಜ ಎರಡು ಮನೆಗೆ (ಡಿ) ಇಟ್ಟರೆ ಮೊದಲಿನೆರಡು ತಂತಿ ಏಳು ಅರ್ಧಸ್ವರ ಕೆಳಗೆ, ಉಳಿದೆರಡು ಐದು ಅರ್ಧಸ್ವರ ಕೆಳಗೆ. ಎಳೆತ ಕಂಪನಾಂಕದ ವರ್ಗಕ್ಕೆ ಅನುಪಾತ. ಅಂದರೆ ಅದೇ ತಂತಿಗಳನ್ನು ಇಳಿಸಿದರೆ ಮೊದಲಿನೆರಡರಲ್ಲಿ ಉಳಿಯುವುದು 44 ಶೇಕಡಾ, ಕೊನೆಯೆರಡರಲ್ಲಿ 56 ಶೇಕಡಾ. ತಂತಿ ಸಡಿಲ, ಗಮಕ ಎಳೆದರೆ ಸ್ವರ ಜಾರುತ್ತೆ. ಹಾಗಾಗಿ ದಪ್ಪ ತಂತಿ ಬೇಕು. ಎರಡು ಮನೆಗೆ ಮೊದಲ ತಂತಿಯ ಜಾಗದಲ್ಲಿ ‘ಎ’ ತಂತಿ, ಎರಡನೆಯದಕ್ಕೆ ‘ಡಿ’ ತಂತಿ ಹಾಕಿದರೆ ಅವು ತಮ್ಮ ಸ್ವಂತ ಶ್ರುತಿಯಲ್ಲೇ ನಿಲ್ಲುತ್ತವೆ.

ದಪ್ಪ ತಂತಿ ಹಾಕಿದರೂ ಒಟ್ಟು ಎಳೆತ ಪಾಶ್ಚಾತ್ಯದ ಮಟ್ಟಕ್ಕೆ ಸಾಮಾನ್ಯವಾಗಿ ಹೋಗಲ್ಲ. ಅಷ್ಟು ಗಡಸು ಹಲಗೆಯನ್ನು ಅಲುಗಾಡಿಸಲು ಎಳೆತ ಸಾಲದೆ ಮಂದ್ರ ಮುಚ್ಚಿಕೊಳ್ಳುತ್ತೆ. ಸುರುಳಿತಲೆಯವರು ಕೊಟ್ಟ ಅಳತೆಯಲ್ಲಿ ತೆಳು ತುದಿಯನ್ನೇ ಆರಿಸಬೇಕು ಅನ್ನಿಸುತ್ತೆ. ಚೌಡಯ್ಯನವರ ಏಳು ತಂತಿಯ ಪಿಟೀಲಿನದು ಇದಕ್ಕೆ ತಿರುಗಾಮುರುಗ ಪ್ರಶ್ನೆ, ಮೂರು ತಂತಿಗೆ ಜೋಡಿ ಕಟ್ಟಿದಾಗ ಹಲಗೆಯ ಮೇಲಿನ ಭಾರ ಏರುತ್ತೆ.

ಸುರುಳಿತಲೆ

ಒಪ್ಪುವುದಿಲ್ಲ. ಹಲಗೆ ತೆಳ್ಳಗೆ ಮಾಡಿದರೆ ಮತ್ತೆ ದಪ್ಪ ಮಾಡಲು ಬರುವುದಿಲ್ಲ. ಬಾಸ್ ಬಾರ್‌ನ ಎತ್ತರ 12ರ ಬದಲು 10.5 ಇಡಿ. ಬೇಡವಾದರೆ ಬಾರ್ ಬದಲಿಸಬಹುದು. ಹಲಗೆ ಬದಲಿಸಿದರೆ ಅದು ಬೇರೆ ಪಿಟೀಲು. ಸೌಂಡ್ ಪೋಸ್ಟ್ (ಎರಡು ಹಲಗೆಗಳ ನಡುವೆ ನಿಲ್ಲಿಸುವ ಕಡ್ಡಿ) 6 ಮಿಮೀ ದಪ್ಪ, ಕುದುರೆಯ ಬಲಗಾಲಿನ ಹಿಂದೆ 2.5 ಮಿಮೀ. ಮಂದ್ರ ಮುಚ್ಚಿದೆ ಅನ್ನಿಸಿದರೆ ಮೊದಲು ಅದನ್ನೇ ಅರ್ಧ ಮಿಮೀ ಹಿಂದಕ್ಕೆ ಸರಿಸಿ ಕೇಳಿ. ಅದು ತುಂಬ ಬಿಗಿಯಾಗಿ ನಿಂತಿದ್ದರೂ ಇದೇ ದೋಷ ಬರುತ್ತದೆ. ತಂತಿ ಪೂರ್ತಿ ಸಡಿಲಿಸಿದಾಗ ಪೋಸ್ಟ್ ತಾನೇ ನಿಲ್ಲಬೇಕು, ಆದರೆ ಮೆಲ್ಲಗೆ ತಟ್ಟಿದರೆ ಅಲುಗಬೇಕು.

ಕುತ್ತಿಗೆ: ಮೇಲಿನ ನಟ್ಟಿನಿಂದ (ಬಿರಡೆಯ ಕಡೆ ತಂತಿ ಕೂರುವ ಪಟ್ಟಿ) ದೇಹದ ಅಂಚಿಗೆ 130 ಮಿಮೀ, ಅಲ್ಲಿಂದ ಒಳಕಚ್ಚಿಗೆ 195. ಎರಡಕ್ಕೆ ಮೂರರ ಲೆಕ್ಕ ತಪ್ಪಬಾರದು, ತಪ್ಪಿದರೆ ಬೆರಳು ಸದಾ ಜಾಗ ಹುಡುಕುತ್ತಿರುತ್ತದೆ. ಹಲಗೆಯ ಅಂಚಿನಿಂದ ಕುತ್ತಿಗೆ 6 ಮಿಮೀ ಮೇಲೆ. ಬೆರಳುಹಲಗೆಯ ಗೆರೆಯನ್ನು ಕುದುರೆಯವರೆಗೆ ಚಾಚಿದರೆ ಮೇಲು ಹಲಗೆಯಿಂದ 27 ಮಿಮೀ ಎತ್ತರಕ್ಕೆ ಮುಟ್ಟಬೇಕು. ಕರಾವಳಿಯ ತೇವಕ್ಕೆ ಇದು ಮೊದಲ ಮಳೆಗಾಲದಲ್ಲೇ ಕುಸಿಯುತ್ತದೆ. ಹಾಗಾಗಿ ಕೂರಿಸುವಾಗಲೇ 27.5 ಇಟ್ಟುಕೊಳ್ಳಿ. ತಂತಿ ಹಲಗೆಗೆ ತಾಗುತ್ತಿದೆ ಅಂತ ಕುದುರೆಯನ್ನು ಎತ್ತರದ್ದಕ್ಕೆ ಬದಲಿಸುವ ಮೊದಲು ಈ ಅಳತೆ ಹಿಡಿದು ನೋಡಿ. 25ಕ್ಕೆ ಇಳಿದಿದ್ದರೆ ಕುತ್ತಿಗೆಯನ್ನೇ ಬಿಚ್ಚಿ ಮತ್ತೆ ಕೂರಿಸಬೇಕು.

ನಾಲ್ಕುತಂತಿ

ಹಾಗಾದರೆ ಮೆಸ್ಸಾಯ ಅಚ್ಚು, ಒಳಅಚ್ಚಿನ ಕಟ್ಟು, 2.8ರ ಮೇಲು ಹಲಗೆ, 10.5ರ ಬಾರ್. ಒಂದೇ ಉಳಿದದ್ದು: ಕಾಲ ಮೇಲೆ ಸುರುಳಿ ಊರಿ ನುಡಿಸುವಾಗ ರೊಕ್ಕಾನ ಭಾರದ ತಲೆ ತೊಡಕಾಗಲ್ವಾ?

ಸುರುಳಿತಲೆ

ಆಗದು. ನೆಲದ ಮೇಲೆ ಕೂತು ಪಾದದ ಗಿಣ್ಣಿಗೆ ಊರಿದಾಗ ತಲೆಯ ಭಾರ ಕಾಲೇ ಹೊರುತ್ತದೆ, ಎಡಗೈಗೆ ಬರುವುದಿಲ್ಲ. ಬದಲಿಗೆ ಸುರುಳಿಯ ಕೊನೆಯ ಸುತ್ತಿನ ಅಂಚನ್ನು ಚೂಪಾಗಿ ಬಿಡದೆ ಕೂದಲೆಳೆಯಷ್ಟು ದುಂಡಗೆ ಉಜ್ಜಿ, ಅಲ್ಲಿ ವಾರ್ನಿಷ್ ಬೆವರಿಗೆ ಬೇಗ ಹೋಗುತ್ತದೆ. ಬಿರಡೆಗಳ ತೂತಿನ ನಡುವಿನ ಅಂತರವನ್ನೂ ಈಗಲೇ ಗುರುತಿಸಿಕೊಳ್ಳಿ: ದಪ್ಪ ತಂತಿಯ ಸುತ್ತು ಪಕ್ಕದ ಬಿರಡೆಗೆ ತಾಗಿದರೆ ಶ್ರುತಿ ನಿಲ್ಲುವುದಿಲ್ಲ.